ಐದನೇ ಚೌಕದ ಚಹಾ

ಜನವರಿ 9

ಪಿಟೀಲೇ,

ನಾನು ಇಲ್ಲಿ ಕ್ಷೇಮ, ನೀನು ಅಲ್ಲಿ ಕ್ಷೇಮವೇ ಅಂತ ಶುರು ಮಾಡಿದರೆ ನೀನು ಒಂದೇ ಪದದಲ್ಲಿ ಉತ್ತರ ಮುಗಿಸಿಬಿಡುತ್ತೀಯ. ಅದಕ್ಕೇ ಹಾಗೆ ಕೇಳುವುದಿಲ್ಲ. ಬೆಳಗ್ಗೆ ಎದ್ದಾಗ ತಲೆ ಸುತ್ತುತ್ತದೆಯೇ? ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಪ್ರಯೋಗಾಲಯದಲ್ಲಿ ಕೂತು ಕೆಲಸವೋ, ನಿಂತೋ? ಒಂದೊಂದಕ್ಕೂ ಬೇರೆಬೇರೆ ಉತ್ತರ ಬೇಕು. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ಅರ್ಧ ನನಗೆ ಕೇಳುವುದಿಲ್ಲ, ಇನ್ನರ್ಧ ಇಡೀ ಅಂಗಡಿಗೆ ಕೇಳುತ್ತದೆ.

ನಾಲ್ಕು ತಿಂಗಳು ತುಂಬುವ ತನಕ ನನಗೆ ಹೇಳಲಿಲ್ಲ ನೀನು. ಕೋಪವಿಲ್ಲ. ಹೋದ ಸಲ ಎಲ್ಲರಿಗೂ ಹೇಳಿ, ಎಲ್ಲರೂ ಸಂತೋಷಪಟ್ಟು, ಆಮೇಲೆ ಅದು ಕೈತಪ್ಪಿದಾಗ ಮತ್ತೆ ಎಲ್ಲರಿಗೂ ಹೇಳಬೇಕಾಗಿ ಬಂತಲ್ಲ, ಆ ಕಷ್ಟ ನಾನು ನೋಡಿದ್ದೇನೆ. ಆದರೂ ನಿನ್ನಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಈ ಅಂಗಡಿಯ ಮೂಟೆಗಳ ಮಧ್ಯೆ ಬೆಳೆಸಿದವಳು ನಾನು. ಈ ಮಗು ಬಂದು ಕೂಗುವ ತನಕ ನನ್ನ ಜೀವ ನನ್ನ ಹತ್ತಿರ ಇರುವುದಿಲ್ಲ, ಅದು ನಿನಗೆ ಗೊತ್ತಿರಲಿ.

ಈಗ ನೀನು ಕಳಿಸಿದ ಕಾಗದದ ಪಟ್ಟಿಗಳ ವಿಷಯ. ಹೇಳಿದ ಹಾಗೇ ಮಾಡಿದೆ. ಚಹಾ ಸೋಸಿ, ಆರಿಸಿ, ಪಟ್ಟಿಯ ಮೇಲಿನ ತಿಳಿಹಳದಿ ಚುಕ್ಕೆಗೆ ಒಂದು ಹನಿ ಬಿಟ್ಟು ಕಾದೆ. ನೋಡನೋಡುತ್ತ ಹಳದಿ ಹೋಗಿ ಬೂದಿಯಾಯಿತು, ಬೂದಿ ಹೋಗಿ ಮಸಿಯ ಬಣ್ಣ. ಜೊತೆಗೆ ಕಳಿಸಿದ್ದೀಯಲ್ಲ, ಐದು ಚೌಕಗಳ ಬಣ್ಣದ ಚೀಟಿ, ಅದರ ಪಕ್ಕ ಇಟ್ಟು ನೋಡಿದರೆ ನಮ್ಮ ದಿನನಿತ್ಯದ ಬೆರಕೆ ಮೂರನೇ ಚೌಕಕ್ಕೆ ಸರಿಹೋಯಿತು. ಅಗ್ಗದ ಪುಡಿ ಎರಡನೆಯದಕ್ಕೆ. ಎಳೆಚಿಗುರಿನದು ನಾಲ್ಕಕ್ಕೆ. ಕಪ್ಪಾದಷ್ಟೂ ಒಗರಿನ ಸತ್ವ ಹೆಚ್ಚು ಅಂತ ತಾನೇ ನೀನು ಬರೆದದ್ದು? ದೊಡ್ಡ ಯಂತ್ರ ಇಲ್ಲದ ಸಣ್ಣ ಬೆಳೆಗಾರರೂ ತಮ್ಮ ಎಲೆಯನ್ನು ತಾವೇ ಅಳೆದುಕೊಳ್ಳಬಹುದು ಅಂದರೆ ಅದೇನು ಸಣ್ಣ ಮಾತೇ.

ನಮ್ಮ ಅಂಗಡಿಯ ಯಜಮಾನರು ಕನ್ನಡಕ ಮೂಗಿನ ತುದಿಗಿಳಿಸಿ ನೋಡುತ್ತಿದ್ದರು. ಇಷ್ಟು ವರ್ಷ ನಿಮ್ಮ ನಾಲಿಗೆ ಹೇಳಿದ್ದನ್ನು ಇನ್ನು ಮೇಲೆ ಕಾಗದ ಹೇಳುವುದಾದರೆ ಸಂಬಳವನ್ನೂ ಕಾಗದಕ್ಕೇ ಕೊಡುತ್ತೇನೆ ಅಂದರು. ಕೊಡಿ, ಬೆಳಗ್ಗೆ ಬಾಗಿಲು ತೆಗೆದು ಮೂಟೆ ಹೊರೋದಕ್ಕೂ ಅದನ್ನೇ ಕರೀರಿ ಅಂದೆ. ಕನ್ನಡಕ ಮೇಲೇರಿಸಿಕೊಂಡು ಲೆಕ್ಕದ ಪುಸ್ತಕ ತೆಗೆದರು.

ಹನಿ ಬಿಟ್ಟ ಪಟ್ಟಿಗಳೂ ಎಳೆಚಿಗುರಿನ ಪೊಟ್ಟಣ ಒಂದೂ ಇದರ ಜೊತೆ ಬರುತ್ತವೆ. ಬಸುರಿಗೆ ಬಲ ಬೇಕು.

ದೊಡ್ಡಮ್ಮ


ಜನವರಿ 24

ದೊಡ್ಡಮ್ಮ,

ನಿನ್ನ ಪ್ರಶ್ನೆಗಳಿಗೆ ಸಾಲಾಗಿ: ಸ್ವಲ್ಪ ಸುತ್ತುತ್ತೆ. ನಿಲ್ಲುತ್ತೆ. ಕೂತೇ ಕೆಲಸ, ನನ್ನ ಮೇಲಿನವರು ಎತ್ತರದ ಸ್ಟೂಲ್ ತಂದುಕೊಟ್ಟಿದ್ದಾರೆ. ಸಾಕಾ?

ನೀನು ಕಳಿಸಿದ ಪಟ್ಟಿಗಳನ್ನ ಗೋಡೆಗೆ ಅಂಟಿಸಿದ್ದೀವಿ. ಪ್ರತಿ ಚುಕ್ಕೆ ಪಕ್ಕ ಪೆನ್ಸಿಲ್‌ನಲ್ಲಿ "ಇದು ಕುಡಿಯೋಕಾಗಲ್ಲ", "ಇದು ನೆಂಟರಿಗೆ", "ಇದು ಯಜಮಾನರು ಸುಳ್ಳು ಹೇಳಿ ಮಾರೋದು" ಅಂತೆಲ್ಲ ಬರೆದಿದ್ದೀಯಲ್ಲ, ಇಲ್ಲಿ ಎಲ್ಲರೂ ಬಂದು ಓದಿಕೊಂಡು ಹೋಗ್ತಾರೆ. ಮನೆಯಲ್ಲಿ, ಕಿಟಕಿ ಬೆಳಕಲ್ಲಿ, ಯಾರು ಬೇಕಾದರೂ ಓದಬಹುದು ಅನ್ನೋದಕ್ಕೆ ನಮಗೆ ಬೇಕಿದ್ದದ್ದು ಇದೇ. ಇನ್ನಷ್ಟು ಪಟ್ಟಿ ಕಳಿಸ್ತಿದ್ದೀನಿ. ಒದ್ದೆ ಕೈಯಲ್ಲಿ ಮುಟ್ಟಬೇಡ, ಒಲೆ ಹತ್ತಿರ ಇಡಬೇಡ.

ಕಾಗದದಲ್ಲಿ ಏನು ಹಾಕಿದ್ದೀರಿ ಅಂತ ಹೋದ ತಿಂಗಳು ಕೇಳಿದ್ದೆ. ಒಂದು ಲವಣ, ಅಷ್ಟೆ. ಚಹಾದ ಒಗರು ಅದನ್ನ ಹಿಡಿದುಕೊಂಡಾಗ ಬಣ್ಣ ಬರುತ್ತೆ.

ಡಾಕ್ಟರು ಎಲ್ಲ ಸರಿಯಾಗಿದೆ ಅಂದರು. ಮೆಟ್ಟಿಲು ಹತ್ತಿದರೆ ಆಯಾಸ ಆಗುತ್ತೆ, ಅದು ಎಲ್ಲರಿಗೂ ಆಗುವಂಥದ್ದೇ. ಪೊಟ್ಟಣ ತಲುಪಿತು.

ನಿನ್ನ ಪಿಟೀಲು


ಫೆಬ್ರವರಿ 10

ಪಿಟೀಲೇ,

ನಿನ್ನ ಕಾಗದ ಬಂದ ದಿನ ಒಂದು ಸಲ, ಮಾರನೇ ದಿನ ಒಂದು ಸಲ ಓದಿದೆ. ಪೊಟ್ಟಣ ತಲುಪಿತು ಅಂದೆ. ಹೇಗಿತ್ತು ಅನ್ನಲಿಲ್ಲ. ಚಿಕ್ಕಂದಿನಲ್ಲಿ ಒಂದು ಗುಟುಕು ಕುಡಿದರೆ ಒಂದು ಗಂಟೆ ಪಿಟೀಲು ಕುಯ್ಯುತ್ತಿದ್ದೆ: ಇದು ಯಾಕೆ ಕೆಂಪು, ಅದು ಯಾಕೆ ಕಹಿ, ಇದು ಯಾಕೆ ನಾಲಿಗೆ ಹಿಡಿಯುತ್ತೆ. ಆ ಹೆಸರು ನಾನು ಸುಮ್ಮನೆ ಇಟ್ಟದ್ದಲ್ಲ. ಈಗ ಎರಡೇ ಪದ. ನಿನ್ನ ಊರಿನ ನೀರಿಗೆ ನಮ್ಮ ಚಹಾ ಸಪ್ಪೆ ಆಗಿರಬೇಕು. ಇಲ್ಲವೇ ನಾನೇ ಕೈ ತಪ್ಪುತ್ತಿರಬೇಕು. ವಯಸ್ಸಾದ ಮೇಲೆ ನಾಲಿಗೆ ಮೋಸ ಮಾಡುತ್ತದಂತೆ, ಮೋಸ ಹೋದವರಿಗೆ ಮಾತ್ರ ಗೊತ್ತಾಗುವುದಿಲ್ಲವಂತೆ.

ಅದಿರಲಿ. ಆಯಾಸ ಅಂದೆಯಲ್ಲ, ಆ ಪದ ನನ್ನನ್ನು ಬಿಡುತ್ತಿಲ್ಲ. ಹೋದ ಸಲವೂ ನೀನು ಮೊದಲು ಹೇಳಿದ್ದು ಅದನ್ನೇ.

ಅದಕ್ಕೆ ಕೂತು ಒಂದು ಕೆಲಸ ಮಾಡಿದೆ. ನಿನ್ನ ಪಟ್ಟಿಗಳನ್ನೇ ಮುಂದಿಟ್ಟುಕೊಂಡು ಎಳೆಚಿಗುರು ಇಷ್ಟು, ಒಡೆದ ಎಲೆ ಇಷ್ಟು, ಧೂಳುಪುಡಿ ಇಷ್ಟು ಅಂತ ಬೆರೆಸುತ್ತ, ಚುಕ್ಕೆ ನೋಡುತ್ತ, ಮತ್ತೆ ಬೆರೆಸುತ್ತ ಹೋದೆ. ನಾಲ್ಕನೇ ಚೌಕ ದಾಟುವುದೇ ಇಲ್ಲ ಅಂತ ಹಟ ಹಿಡಿದಿತ್ತು. ಬಿಡುತ್ತೇನೆಯೇ. ಕೊನೆಗೆ ಐದಕ್ಕೆ ಬಂತು. ಬಂತು ಅಂದರೆ ಎಂಥಾ ಕಪ್ಪು, ಹೊಸ ಮಸಿಕುಡಿಕೆ ಮಗುಚಿದ ಹಾಗೆ. ಯಜಮಾನರು ಒಂದು ಗುಟುಕು ಕುಡಿದು, ಇದನ್ನು ಮಾರಿದರೆ ಗಿರಾಕಿಗಳ ಹಲ್ಲು ಕಳಚಿ ಲೋಟಕ್ಕೆ ಬೀಳುತ್ತೆ ಅಂದರು. ಮಾರುವುದಕ್ಕಲ್ಲ, ಇದು ನನ್ನ ಮಗಳಿಗೆ ಅಂದೆ.

ಕಳಿಸಿದ್ದೇನೆ. ಬೆಳಗ್ಗೆ ತಿಂಡಿಯ ಜೊತೆ ಒಂದು ದೊಡ್ಡ ಲೋಟ, ಮಧ್ಯಾಹ್ನ ಊಟದ ಜೊತೆ ಒಂದು, ರಾತ್ರಿಯೂ ಊಟದ ಜೊತೆಗೇ. ಬರಿಹೊಟ್ಟೆಯಲ್ಲಿ ಬೇಡ, ಹಿಡಿಯುತ್ತದೆ. ಇದರಲ್ಲಿ ಇರುವಷ್ಟು ಸತ್ವ ಬೇರೆಲ್ಲೂ ಸಿಗುವುದಿಲ್ಲ. ನಾನು ಹೇಳುವುದಲ್ಲ, ನಿನ್ನ ಕಾಗದವೇ ಹೇಳಿದ್ದು.

ದೊಡ್ಡಮ್ಮ


ಮಾರ್ಚ್ 2

ದೊಡ್ಡಮ್ಮ,

ಐದನೇ ಚೌಕದ್ದು ಬಂತು. ಪೊಟ್ಟಣ ಒಡೆದ ಕೂಡಲೇ ಮನೆಯೆಲ್ಲ ನಮ್ಮ ಅಂಗಡಿ ಆಯ್ತು. ಅಟ್ಟದ ಕೆಳಗೆ ಮೂಟೆ ಮೇಲೆ ಮಲಗ್ತಿದ್ದದ್ದು ನೆನಪಾಯ್ತು.

ಕುಡೀತಿದ್ದೀನಿ. ನೀನು ಹೇಳಿದ ಹಾಗೇ, ಊಟದ ಜೊತೆ. ಚೆನ್ನಾಗಿದೆ. ನಿನ್ನ ನಾಲಿಗೆಗೆ ಏನೂ ಆಗಿಲ್ಲ, ಸುಮ್ಮನೆ ಏನೇನೋ ಯೋಚಿಸಬೇಡ.

ಡಾಕ್ಟರು ಕಪ್ಪು ಮಾತ್ರೆ ಕೊಟ್ಟಿದ್ದಾರೆ, ನುಂಗಿದರೆ ಬಾಯೆಲ್ಲ ತುಕ್ಕು ನೆಕ್ಕಿದ ಹಾಗಿರುತ್ತೆ. ಬಸುರಿಯರಿಗೆಲ್ಲ ಕೊಡ್ತಾರಂತೆ. ಇವತ್ತು ಇಷ್ಟೇ, ಬಸ್ಸಿನಲ್ಲಿ ಬರೀತಿದ್ದೀನಿ.

ಪಿಟೀಲು


ಮಾರ್ಚ್ 18

ಈ ಕಾಗದ ಸಿಕ್ಕಿದ ಕೂಡಲೇ ಆ ಚಹಾ ಕುಡಿಯುವುದನ್ನು ನಿಲ್ಲಿಸು. ಕೈಯಲ್ಲಿ ಲೋಟ ಇದ್ದರೆ ಚೆಲ್ಲಿಬಿಡು. ಆಮೇಲೆ ಮುಂದಕ್ಕೆ ಓದು.

ಮೊನ್ನೆ ಒಡೆದ ಎಲೆಯ ಮೂಟೆಗೆ ಮೇಲಿನಿಂದ ನೀರು ಸೋರಿತ್ತು. ಅಳೆಯುವ ಹಳೇ ಕಬ್ಬಿಣದ ಸೌಟು ಅದರೊಳಗೇ ಉಳಿದುಬಿಟ್ಟಿತ್ತು. ಬೆಳಗ್ಗೆ ತೆಗೆದರೆ ಸೌಟು ಮುಟ್ಟಿದ ಕಡೆ ಎಲೆಯೆಲ್ಲ ಕಪ್ಪು, ನನ್ನ ಬೆರಳೂ ಕಪ್ಪು. ಇದೇನು ಹೊಸದಲ್ಲ, ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು: ಒದ್ದೆ ಚಹಾಕ್ಕೆ ಕಬ್ಬಿಣ ತಾಗಿಸಬಾರದು. ಅದಕ್ಕೇ ನಾವು ಸೋಸುವುದಕ್ಕೆ ಪಿಂಗಾಣಿ ಇಟ್ಟುಕೊಂಡಿರುವುದು. ಬೆರಳು ತೊಳೆಯುತ್ತಾ ನಿಂತವಳಿಗೆ ಅನ್ನಿಸಿತು, ಈ ಕಪ್ಪನ್ನು ಎಲ್ಲೋ ನೋಡಿದ್ದೇನಲ್ಲ ಅಂತ. ಒಳಗೆ ಹೋಗಿ ನಿನ್ನ ಪಟ್ಟಿ ತಂದು ಬೆರಳ ಪಕ್ಕ ಹಿಡಿದೆ.

ಒಂದು ಲವಣ, ಅಷ್ಟೆ ಅಂದಿದ್ದೆ. ಯಾವ ಲವಣ ಅಂತ ಹೇಳಲಿಲ್ಲ. ಕಬ್ಬಿಣದ್ದು, ಅಲ್ಲವೇ? ಚಹಾದ ಒಗರು ಅದನ್ನು ಹಿಡಿದುಕೊಳ್ಳುತ್ತದೆ ಅಂತ ನೀನೇ ಬರೆದಿದ್ದೆ. ಬಾಯಿಗೆ ತುಕ್ಕಿನ ರುಚಿ ಬರುವ ಮಾತ್ರೆಯೂ ಕಬ್ಬಿಣದ್ದೇ ಇರಬೇಕಲ್ಲ. ಹಾಗಾದರೆ ನಾನು ಊಟದ ಜೊತೆ ಕುಡಿ ಅಂತ ಹೇಳಿದ ಚಹಾ ನಿನ್ನ ಹೊಟ್ಟೆಯೊಳಗೆ ಏನು ಮಾಡುತ್ತಿದೆ?

ಚಪ್ಪಲಿ ಮೆಟ್ಟಿಕೊಂಡವಳೇ ನಮ್ಮ ಬೀದಿಯ ಆಸ್ಪತ್ರೆಗೆ ಹೋದೆ. ಅಲ್ಲಿನ ನರ್ಸಮ್ಮ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: ರಕ್ತ ಕಮ್ಮಿ ಇರುವ ಬಸುರಿಗೆ ಊಟದ ಜೊತೆ ಚಹಾ ಕೊಡಬೇಡಿ, ಊಟದ ಕಬ್ಬಿಣ ಮೈಗೆ ಹತ್ತುವುದಿಲ್ಲ, ಗಟ್ಟಿ ಚಹಾ ಅಂತೂ ಬೇಡವೇ ಬೇಡ. ಯಾರಿಗೆ ಕೊಡ್ತಿದ್ದೀರಿ ಅಂತ ಕೇಳಿದರು. ಅಂಗಡಿಗೆ ವಾಪಸು ಬಂದವಳೇ ಇದನ್ನು ಬರೆಯಲು ಕೂತೆ.

ಇಡೀ ಅಂಗಡಿಯಲ್ಲಿ ಅತಿ ಹೆಚ್ಚು ಹಿಡಿಯುವ ಚಹಾವನ್ನು ನಾನೇ ಹುಡುಕಿ, ಅಳೆದು, ಬೆರೆಸಿ, ನಿನ್ನ ಹೊಟ್ಟೆಗೆ ಕಳಿಸಿದ್ದೇನೆ. ಕಪ್ಪು ಅಂದರೆ ಬಲ ಅಂತ ಓದಿಕೊಂಡೆ.

ನಿನಗೆ ರಕ್ತ ಎಷ್ಟಿದೆ? ಸುಳ್ಳು ಬೇಡ.

ದೊಡ್ಡಮ್ಮ


ಏಪ್ರಿಲ್ 1

ಪಿಟೀಲೇ,

ಉತ್ತರ ಬರಲಿಲ್ಲ.

ಯಜಮಾನರ ಕೈಯಲ್ಲಿ ನಿನ್ನ ಮನೆಗೆ ಫೋನು ಮಾಡಿಸಿದೆ. ಅಳಿಯಂದಿರು ಎತ್ತಿ, ಚೆನ್ನಾಗಿದ್ದಾಳೆ ಅಂದರಂತೆ. ನಿನಗೆ ಕೊಡಿ ಅಂದರೆ ಮಲಗಿದ್ದಾಳೆ ಅಂದರಂತೆ. ಬೆಳಗ್ಗೆ ಹನ್ನೊಂದಕ್ಕೆ. ಯಜಮಾನರು ಫೋನಿಟ್ಟು, ಅವರ ದನಿ ನನಗೇನೋ ಸರಿ ಕಾಣಲಿಲ್ಲ ಅಂತ ಹೇಳಬಾರದಿತ್ತು, ಹೇಳಿಬಿಟ್ಟರು. ಆಮೇಲೆ ಅದನ್ನು ಮುಚ್ಚುವುದಕ್ಕೆ ನನಗೆ ಎರಡು ಬಿಸ್ಕತ್ತು ತಂದುಕೊಟ್ಟರು. ಅವರು ಕೈಯೆತ್ತಿ ಏನಾದರೂ ಕೊಟ್ಟರು ಅಂದರೆ ನನಗೆ ಇನ್ನೂ ಭಯ.

ಬರುತ್ತೇನೆ ಅಂದರೆ ನೀನು ಬೇಡ ಅಂದಿದ್ದೀಯ, ಎರಡು ದಿನದ ರೈಲು, ನಿನ್ನ ಮೊಣಕಾಲಿಗೆ ಆಗಲ್ಲ, ಹೆರಿಗೆಗೆ ಬಂದರೆ ಸಾಕು ಅಂತ. ಆ ಮಾತನ್ನೂ ಈಗ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ನಿಜವಾಗಿ ನನ್ನ ಮೊಣಕಾಲಿಗೋ, ನಾನು ಬಂದು ನಿನ್ನ ಮುಖ ನೋಡಿಬಿಡುತ್ತೇನೆ ಅಂತಲೋ.

ಕೈ ಸುಮ್ಮನಿರದೆ ಮನೆಯಲ್ಲಿರುವುದನ್ನೆಲ್ಲ ನಿನ್ನ ಪಟ್ಟಿಯ ಮೇಲೆ ಹನಿಸಿ ನೋಡಿದೆ. ಚಹಾದ ಬದಲು ನಿನಗೆ ಏನಾದರೂ ಕಳಿಸೋಣ ಅಂತ. ಪುದೀನ ಕಷಾಯ ಪಾಪದ್ದು ಅಂದುಕೊಂಡಿದ್ದೆ, ಅದೂ ಬೂದಿ ಮಾಡಿತು. ಕಾಫಿ ಹಸಿರುಗಪ್ಪು. ದಾಳಿಂಬೆ ಸಿಪ್ಪೆಯಂತೂ ಚಹಾವನ್ನೇ ಮೀರಿಸಿತು. ಹಳದಿ ಹಾಗೇ ಉಳಿದದ್ದು ಬರೀ ಬಿಸಿನೀರಿಗೆ. ಇಡೀ ಆಯುಷ್ಯ ಚಹಾ ಬೆರೆಸಿದವಳು ನಿನಗೆ ಬಿಸಿನೀರನ್ನು ಹೇಗಮ್ಮಾ ಪೊಟ್ಟಣ ಕಟ್ಟಿ ಕಳಿಸಲಿ?

ಒಂದು ಸಾಲು ಬರಿ. ಅಳಿಯಂದಿರ ಕೈಯಲ್ಲಾದರೂ ಬರೆಸು. ಬೈದರೂ ಸರಿ.

ದೊಡ್ಡಮ್ಮ


ಏಪ್ರಿಲ್ 9

ದೊಡ್ಡಮ್ಮ,

ನಿನ್ನ ಎರಡೂ ಕಾಗದ ಇವತ್ತು ಒಟ್ಟಿಗೆ ಓದಿದೆ. ನಾನು ಆಸ್ಪತ್ರೆಯಲ್ಲಿದ್ದೆ. ನಿನ್ನೆ ಮನೆಗೆ ಬಂದೆ. ಮಗು ಚೆನ್ನಾಗಿದೆ, ಒದೀತಿದೆ. ಮೊದಲು ಅದನ್ನ ಓದಿಕೋ.

ಇನ್ನು ಸುಳ್ಳು ಹೇಳಲ್ಲ. ನನಗೆ ಮೊದಲಿನಿಂದಲೂ ರಕ್ತ ಕಮ್ಮಿ. ಎಷ್ಟಿರಬೇಕೋ ಅದರಲ್ಲಿ ಮೂರರಲ್ಲಿ ಎರಡು ಪಾಲು ಇದೆ. ಪ್ರಯೋಗಾಲಯದಲ್ಲಿ ತಲೆ ಸುತ್ತಿ ಬಿದ್ದೆ, ಸೂಜಿ ಮೂಲಕ ಕಬ್ಬಿಣ ಕೊಡಬೇಕಾಯ್ತು. ನಿನಗೆ ಹೇಳಬೇಡಿ ಅಂತ ಇವರಿಗೆ ನಾನೇ ಹೇಳಿದ್ದೆ. ಪಾಪ, ಇವರಿಗೆ ಸುಳ್ಳು ಹೇಳೋಕೆ ಬರಲ್ಲ, ಅದಕ್ಕೇ ಎರಡು ಪದಕ್ಕೆ ಮುಗಿಸಿದ್ದಾರೆ.

ಇನ್ನೊಂದು ವಿಷಯ. ನಿನ್ನ ಚಹಾ ನಾನು ಒಂದು ಗುಟುಕೂ ಕುಡಿದಿಲ್ಲ ದೊಡ್ಡಮ್ಮ. ಎಳೆಚಿಗುರಿನದೂ ಇಲ್ಲ, ಐದನೇ ಚೌಕದ್ದೂ ಇಲ್ಲ. ಡಾಕ್ಟರು ಮೊದಲ ದಿನವೇ ಸದ್ಯಕ್ಕೆ ಚಹಾ ಬಿಡಿ ಅಂದಿದ್ದರು. ಕಾಗದಕ್ಕೆ ಕಬ್ಬಿಣ ಹಚ್ಚೋಳೇ ನಾನು, ನನಗೆ ಗೊತ್ತಿರಲ್ವಾ? ಯಾವ ಲವಣ ಅಂತ ನಿನಗೆ ಬರೆಯೋಕೆ ಕೈ ಬರಲಿಲ್ಲ. ಬರೆದರೆ ನೀನು ಎರಡಕ್ಕೆ ಎರಡು ಸೇರಿಸಿಬಿಡ್ತೀಯ ಅಂತ ಗೊತ್ತಿತ್ತು. ಸೇರಿಸಿದೆ ಕೂಡ.

ಯಾಕೆ ಸುಳ್ಳು ಹೇಳಿದೆ ಅಂದರೆ, ಚಹಾ ಬೇಡ ಅಂತ ನಿನಗೆ ಬರೆಯೋದು ಹೇಗೆ ಅಂತ ಗೊತ್ತಾಗಲಿಲ್ಲ. ನಿನ್ನನ್ನೇ ಬೇಡ ಅಂದ ಹಾಗಿರುತ್ತೆ ಅನ್ನಿಸಿತು. ಹೋದ ಸಲ ಆದ ಮೇಲೆ ನೀನು ಒಂದು ವಾರ ಊಟ ಬಿಟ್ಟಿದ್ದೆ ಅಂತ ಯಜಮಾನರು ಇವರಿಗೆ ಹೇಳಿದ್ದರು. ರಕ್ತ ಕಮ್ಮಿ ಅಂತ ಗೊತ್ತಾದರೆ ಮತ್ತೆ ಬಿಡ್ತೀಯ.

ನಿನ್ನ ಪೊಟ್ಟಣ ಪ್ರಯೋಗಾಲಯದ ಕಪಾಟಿನಲ್ಲಿದೆ. ನಮಗೆ ಅಷ್ಟು ಗಟ್ಟಿ ಚಹಾ ಎಲ್ಲೂ ಸಿಕ್ಕಿರಲಿಲ್ಲ, ಹೊಸ ಚೀಟಿಯ ಐದನೇ ಚೌಕವನ್ನ ಅದನ್ನೇ ನೋಡಿ ಅಚ್ಚು ಹಾಕಿಸಿದ್ದೀವಿ. ಒಂದು ಪ್ರತಿ ಇಟ್ಟಿದ್ದೀನಿ.

ಕಾಗದದ ಮೇಲೆ ಆದದ್ದೆಲ್ಲ ಹೊಟ್ಟೆಯಲ್ಲಿ ಹಾಗೇ ಆಗಲ್ಲ. ನೀನು ನಿನ್ನನ್ನೇ ಬೈದುಕೊಂಡಷ್ಟು ದೊಡ್ಡ ತಪ್ಪೇನೂ ಅಲ್ಲ ಅದು. ಆದರೆ ಅಪಾಯ ಹೋಗಿದೆ ಅಂತಲೂ ಹೇಳಲ್ಲ. ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳೋ ಶಕ್ತಿ ಬೇಕು, ಅಷ್ಟರೊಳಗೆ ಏರಬೇಕು ಅಂತಾರೆ ಡಾಕ್ಟರು. ಜೂನ್ ಮಧ್ಯಕ್ಕೆ ದಿನ ಕೊಟ್ಟಿದ್ದಾರೆ. ನನಗೂ ಭಯ ಆಗುತ್ತೆ.

ಪಿಟೀಲು


ಏಪ್ರಿಲ್ 20

ಮಗಳೇ,

ಹೊಸ ಚೀಟಿ ನೋಡಿದೆ. ನನ್ನ ಚಹಾ ಅಲ್ಲಿ ಒಂದು ಚೌಕವಾಗಿ ಕೂತಿದೆ. ಇನ್ನೊಂದು ಸಮಯದಲ್ಲಾದರೆ ಬೀದಿಗೆಲ್ಲ ತೋರಿಸಿಕೊಂಡು ಬರುತ್ತಿದ್ದೆ.

ಕುಡಿದಿಲ್ಲ ಅಂತ ಓದಿ ಮೊದಲು ಅತ್ತೆ. ಆಮೇಲೆ ಕೋಪ ಬಂತು. ಕೋಪ ಇಳಿದ ಮೇಲೆ ಮತ್ತೆ ಅತ್ತೆ. ಯಜಮಾನರು ದೂರದಿಂದಲೇ, ಒಳ್ಳೇ ಸುದ್ದಿಯೋ ಕೆಟ್ಟ ಸುದ್ದಿಯೋ ಒಂದು ತೀರ್ಮಾನಕ್ಕೆ ಬನ್ನಿ ಅಂದರು.

ನೀನು ಬೇಡ ಅಂದಿದ್ದರೆ ನನಗೆ ಬೇಜಾರಾಗುತ್ತಿತ್ತು, ನಿಜ. ಎರಡು ದಿನ ಆಗುತ್ತಿತ್ತು. ನೀನು ಕುಡಿಯುತ್ತಿದ್ದೀನಿ ಅಂದದ್ದಕ್ಕೆ ನಾನು ಒಂದು ತಿಂಗಳು ಸತ್ತು ಬದುಕಿದೆ. ಇದನ್ನೂ ನಿನ್ನ ಯಂತ್ರದಲ್ಲಿ ಅಳೆ.

ಒಂದು ಒಪ್ಪಂದ ಮಾಡಿಕೊಳ್ಳೋಣ. ಮಾತಿನಲ್ಲಿ ನಿನ್ನನ್ನು ಇನ್ನು ನಂಬುವುದಿಲ್ಲ. ವಾರಕ್ಕೊಂದು ಸಲ, ಊಟದ ಜೊತೆ ನೀನು ಕುಡಿಯುವುದರ ಒಂದು ಹನಿಯನ್ನು ಪಟ್ಟಿಯ ಮೇಲೆ ಬಿಟ್ಟು, ಒಣಗಿಸಿ, ಲಕೋಟೆಗೆ ಹಾಕಿ ಕಳಿಸು. ಕಾಗದ ಬರೆಯದಿದ್ದರೂ ಪರವಾಗಿಲ್ಲ. ನನಗೆ ಹಳದಿ ಬೇಕು. ಮಗು ಬಂದು, ನಿನ್ನ ರಕ್ತ ಏರಿ, ಇನ್ನು ಕುಡಿಯಬಹುದು ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ ದಿನ, ಕಪಾಟಿನಿಂದ ನನ್ನ ಪೊಟ್ಟಣ ತೆಗೆ. ಅಲ್ಲಿಯ ತನಕ ಮುಟ್ಟಬೇಡ.

ದೊಡ್ಡಮ್ಮ


ಮೇ 12

ಈ ವಾರದ್ದು. ಬಿಸಿನೀರು, ಬೇಸರ ಬಂದಿದೆ. ರಕ್ತ ಸ್ವಲ್ಪ ಏರಿದೆ, ಸಾಕಾಗುವಷ್ಟಲ್ಲ.

ಪಿಟೀಲು


ಜೂನ್ 19

ಪಿಟೀಲೇ,

ಮೇ ಪೂರ್ತಿ ಪಟ್ಟಿಗಳು ತಪ್ಪದೆ ಬಂದವು. ಅಂಚೆಯವನು ಸೈಕಲ್ ನಿಲ್ಲಿಸುವುದಕ್ಕೂ ಬಿಡದೆ ಲಕೋಟೆ ಕಿತ್ತುಕೊಳ್ಳುತ್ತಿದ್ದೆ. ಎಲ್ಲವನ್ನೂ ಬೆರೆಸುವ ಮೇಜಿನ ಗಾಜಿನಡಿ ಜೋಡಿಸಿದ್ದೇನೆ, ಹಳದಿ ಪಕ್ಕ ಹಳದಿ. ಈ ತಿಂಗಳಲ್ಲಿ ಒಂದೇ ಒಂದು ಬಂತು. ಆಮೇಲೆ ಇಲ್ಲ.

ಹೆರಿಗೆಗೆ ಬರುತ್ತೇನೆ ಅಂತ ಟಿಕೆಟ್ ಮಾಡಿಸಿದ್ದೆ. ಹೊರಡುವ ಹಿಂದಿನ ದಿನ ಹಳಿಯ ಮೇಲೆ ಗುಡ್ಡ ಜರಿದು ರೈಲು ನಿಂತಿತು, ಈ ಕಡೆಯ ಫೋನಿನ ತಂತಿಯೂ ಹೋಯಿತು. ನನ್ನ ಚೀಲ ಬಾಗಿಲ ಪಕ್ಕ ಹಾಗೇ ಇದೆ. ದಿನ ಕೊಟ್ಟ ತಾರೀಖು ದಾಟಿತು. ಅಂಚೆ ಸುತ್ತುಬಳಸಿ ಬಸ್ಸಿನಲ್ಲಿ ಹೋಗುತ್ತದಂತೆ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ಒಂದು ಬೆರಕೆಗೆ ಎರಡು ಸಲ ಧೂಳುಪುಡಿ ಹಾಕಿಬಿಟ್ಟೆ. ಯಜಮಾನರು ನೋಡಿ ಆ ಮೂಟೆಯನ್ನು ಪಕ್ಕಕ್ಕೆ ಎಳೆದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಮ್ಮ


ಜುಲೈ 11

ಮಗಳೇ,

ಇವತ್ತು ನಿನ್ನ ಲಕೋಟೆ ಬಂತು. ಮೇಲಿನ ವಿಳಾಸ ನಿನ್ನ ಕೈಬರಹ. ಒಳಗೆ ಒಂದಕ್ಷರವಿಲ್ಲ. ಒಂದು ಪಟ್ಟಿ, ಅಷ್ಟೆ. ಅದನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟು, ಮೂಟೆಯ ಮೇಲೆ ಕೂತೆ. ಒಂದು ಸಲ ತಪ್ಪಾಗಿ ಓದಿದವಳಿಗೆ ಇನ್ನೊಂದು ಸಲ ಓದುವುದಕ್ಕೆ ಧೈರ್ಯ ಬೇಕು. ಯಜಮಾನರು ತಾಳಲಾರದೆ, ತಿರುಗಿಸಿ ಮಾರಾಯರೇ, ಇಲ್ಲದಿದ್ದರೆ ನಾನೇ ತಿರುಗಿಸ್ತೀನಿ ಅಂದರು. ಹಾಗಂದವರೇ ಮುಖ ಆ ಕಡೆ ಮಾಡಿಕೊಂಡರು.

ತಿರುಗಿಸಿದೆ. ಕಪ್ಪು.

ಕಿಟಕಿಯ ಬೆಳಕಿಗೆ ಒಯ್ದು ಹೊಸ ಚೀಟಿಯ ಪಕ್ಕ ಹಿಡಿದು ನೋಡಿದೆ. ಕಪಾಟಿನ ಪೊಟ್ಟಣ ತೆಗೆದಿದ್ದೀಯ, ಅಂದರೆ ಡಾಕ್ಟರು ಬಾಯಿಬಿಟ್ಟಿದ್ದಾರೆ. ಯಾರೋ ನಗುತ್ತಿದ್ದಾರೆ ಅನ್ನಿಸಿತು, ನೋಡಿದರೆ ನಾನೇ. ಯಜಮಾನರು ಅಂಗಡಿಗೆ ಬಂದ ಗಿರಾಕಿಗೆ ಇವತ್ತು ಪುಡಿ ಬಿಟ್ಟಿ ಅಂದುಬಿಟ್ಟು, ಅವನು ಹೋದ ಮೇಲೆ ತಲೆ ಮೇಲೆ ಕೈಹೊತ್ತು ಕೂತರು.

ನಾಳೆಯಿಂದ ರೈಲು ಬಿಡುತ್ತಾರಂತೆ. ಬಾಗಿಲ ಪಕ್ಕದ ಚೀಲಕ್ಕೆ ಎರಡು ಹಳೇ ಮೆತ್ತನೆ ಸೀರೆ ಸೇರಿಸಿದ್ದೇನೆ, ಮಗುವಿಗೆ ಸುತ್ತುವುದಕ್ಕೆ. ಗಂಡೋ ಹೆಣ್ಣೋ ಬರೆಯಬೇಡ, ಈ ಕಾಗದದ ಹಿಂದೆಯೇ ನಾನು ಬಂದಿರುತ್ತೇನೆ. ನಿನ್ನ ಹಾಗೆ ಕುಯ್ಯುತ್ತದೆಯೋ ಇಲ್ಲವೋ ಅಷ್ಟು ಮಾತ್ರ ಕೇಳಬೇಕು, ನನ್ನ ಈ ಕಿವಿಗೂ ಅದು ಕೇಳೀತು.

ಒಂದು ಮಾತು. ಐದನೇ ಚೌಕದ ಪುಡಿ ಕೊಟ್ಟರೂ ನಿನ್ನ ಚುಕ್ಕೆ ಮೂರು ದಾಟಿಲ್ಲ. ನೀರು ಹೆಚ್ಚು ಹಾಕಿದ್ದೀಯ, ಕುದಿಸಿಯೂ ಇಲ್ಲ. ಚಹಾ ಮಾಡುವುದು ನಿನಗೆ ಈ ಜನ್ಮದಲ್ಲಿ ಬರುವುದಿಲ್ಲ. ನಾನು ಬಂದು ಮಾಡಿಕೊಡುತ್ತೇನೆ. ಊಟದ ಜೊತೆಗಲ್ಲ. ಊಟವಾಗಿ, ಮಗು ಮಲಗಿ, ಸುಮಾರು ಹೊತ್ತು ಕಳೆದ ಮೇಲೆ.

ದೊಡ್ಡಮ್ಮ